ಬೀರವ್ವನ ಕುದುರೆ ಹರಕೆ

ಕರ್ಜಗಿಯಲ್ಲಿ ಬೆಳಿಗ್ಗೆ ಎದ್ದು ಸುಮ್ಮನೆ ನಡೆದುಹೋಗುವುದು ಆಗದ ಮಾತು. ನಡೆಯುವವರ ಕೈಯಲ್ಲಿ ಏನಾದರೊಂದು ಇರಬೇಕು: ತಂಬಿಗೆಯೋ, ಸಲಿಕೆಯೋ, ಹಾಲಿನ ಕ್ಯಾನೋ. ಬರಿಗೈಯಲ್ಲಿ ಹೊರಟವರನ್ನು ಪ್ರತಿ ಮನೆಯ ಕಟ್ಟೆಯೂ ಹಿಡಿದು ನಿಲ್ಲಿಸುತ್ತದೆ. ಎಲ್ಲಿಗೆ, ಯಾಕೆ, ಯಾರ ಮನೆಗೆ, ಏನಾದರೂ ಕೆಟ್ಟ ಸುದ್ದಿಯೇ? ಕೇಳುವುದು ಪ್ರೀತಿಯಿಂದಲೇ. ಆದರೆ ಇಷ್ಟು ಪ್ರೀತಿ ದಿನವೂ ಮೈಮೇಲೆ ಬಿದ್ದರೆ ಮನುಷ್ಯರು ತಡೆದುಕೊಳ್ಳುವುದು ಕಷ್ಟ.

ಬೀರವ್ವನಿಗೆ ಶುಗರ್ ಇದೆ ಎಂದು ಹಾವೇರಿಯ ಡಾಕ್ಟರು ಹೇಳಿದ್ದು ದೀಪಾವಳಿ ಮುಗಿದ ಮೇಲೆ. ಗುಳಿಗೆ ಬರೆದುಕೊಟ್ಟು, ದಿನಾ ಬೆಳಿಗ್ಗೆ ಬೀಸುಗಾಲಿನಲ್ಲಿ ನಡೆಯಬೇಕು ಎಂದರು. ಮರುದಿನವೇ ಅವಳು ವರದಾ ಹೊಳೆಯ ದಾರಿ ಹಿಡಿದಳು. ಊರಿನ ನೀರಿನ ಟಾಕಿ ದಾಟುವುದರೊಳಗೆ ಒಬ್ಬಳು ನಿಲ್ಲಿಸಿ, ಶಾಲೆಯಲ್ಲಿ ಇವತ್ತು ತತ್ತಿ ಕೊಡುತ್ತಾರೋ ಬಾಳೆಹಣ್ಣು ಕೊಡುತ್ತಾರೋ ಎಂದು ಕೇಳಿದಳು. ಇನ್ನೊಬ್ಬಳು ತನ್ನ ಮೊಣಕಾಲು ನೋವಿನ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು. ಮೂರನೆಯವಳಿಗೆ ಕೂಸನ್ನು ಸ್ವಲ್ಪ ಎತ್ತಿಕೊಳ್ಳುವವರು ಬೇಕಾಗಿತ್ತು. ಬೀರವ್ವ ಎಲ್ಲರಿಗೂ ಹೂಂ ಅಂದಳು. ಹೊಳೆ ಕಾಣಲಿಲ್ಲ, ಹೊತ್ತೇರಿತು, ಮನೆಗೆ ತಿರುಗಿದಳು.

ಈ ಹೂಂ ಅನ್ನುವುದೇ ಬೀರವ್ವನ ಹಣೆಬರಹ. ಕಾಗಿನೆಲೆಯ ಹತ್ತಿರದ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಬಂದ ದಿನದಿಂದ ಹೂಂ ಅನ್ನುತ್ತಲೇ ಇದ್ದಾಳೆ. ಗಂಡ ಚಂದ್ರಪ್ಪ ಮಂದಿಯ ಟ್ರ್ಯಾಕ್ಟರ್ ಓಡಿಸುತ್ತಾನೆ. ಒಳ್ಳೆಯವನು, ಮಾತು ಕಡಿಮೆ. ತನಗೆ ಬೇಕಾದದ್ದನ್ನು ಕೂಗಿ ಕೇಳುವುದಿಲ್ಲ, ಸಿಗುವವರೆಗೂ ಮುಖ ನೋಡುತ್ತ ಕುಳಿತಿರುತ್ತಾನೆ. ಮಗ ಚನ್ನೇಶ ರಾಣೇಬೆನ್ನೂರಿನಲ್ಲಿ ಐಟಿಐ ಓದುತ್ತ ಅಲ್ಲೇ ಹಾಸ್ಟೆಲಿನಲ್ಲಿದ್ದಾನೆ. ಮನೆಯಲ್ಲಿ ಅತ್ತೆ ಪ್ರೇಮವ್ವ. ಹಗಲಿಗೆ ಸರ್ಕಾರಿ ಶಾಲೆಯ ಬಿಸಿಯೂಟದ ಅಡಿಗೆ. ಜೊತೆಯ ಅಡಿಗೆಯವಳು ಖತೀಜಾಬಿಯೂ ಬೀರವ್ವನೂ ಸೇರಿ ಅನ್ನದ ಪಾತ್ರೆ ಇಳಿಸುವಾಗ ಇಬ್ಬರ ಬೆನ್ನೂ ಒಟ್ಟಿಗೇ ಲಟಕ್ಕೆನ್ನುತ್ತದೆ. ಸಂಜೆ ಮನೆಗೆ ಬಂದು ಕಾಲು ಚಾಚಿದರೆ ಸಾಕು, ಯಾರಾದರೊಬ್ಬರು ಬೀರವ್ವಾ ಎಂದು ಕರೆಯುತ್ತಾರೆ. ದೇವರ ಹೆಸರನ್ನೂ ಆ ಊರಿನಲ್ಲಿ ಅಷ್ಟು ಸಲ ಕರೆಯುವುದಿಲ್ಲ.

ಓಡಿದ್ದು ಆಕಸ್ಮಿಕವಾಗಿ. ಒಂದು ಬೆಳಿಗ್ಗೆ ದಾರಿಯ ಕೊನೆಯ ಮನೆಯ ಮೀನಾಕ್ಷಿ ಬಾಗಿಲಿಗೆ ಬಂದು ಸೆರಗು ಸೊಂಟಕ್ಕೆ ಸಿಗಿಸಿಕೊಂಡದ್ದು ಕಂಡಿತು. ಮೀನಾಕ್ಷಿ ಹಾಗೆ ಸೆರಗು ಸಿಗಿಸಿದಳೆಂದರೆ ಮಾತು ಬಹಳ ಇದೆ ಎಂದೇ ಅರ್ಥ. ಬೀರವ್ವನ ಕಾಲುಗಳು ಅವಳನ್ನು ಕೇಳದೆಯೇ ಓಡತೊಡಗಿದವು.

"ಬಸ್ ತಪ್ಪಿತೇನ ಯಕ್ಕಾ?" ಎಂದು ಮೀನಾಕ್ಷಿ ಹಿಂದಿನಿಂದ ಕೂಗಿದಳು. ಬಸ್ಸು ಬರುವುದು ಊರಿನ ಆ ಕಡೆಗೆ. ಉತ್ತರ ಕೊಡುವಷ್ಟು ಉಸಿರು ಬೀರವ್ವನಲ್ಲಿ ಇರಲಿಲ್ಲ, ಹಾಗಾಗಿ ಕೊಡಬೇಕಾಗಿಯೂ ಬರಲಿಲ್ಲ. ಗೋವಿನಜೋಳದ ಹೊಲಗಳ ನಡುವಿನ ಬಂಡಿದಾರಿ, ಆಮೇಲೆ ಜಾಲಿಕಂಟಿ, ಆಮೇಲೆ ದಡ. ಹೊಳೆಯ ಮೇಲೆ ಮಂಜಿನ್ನೂ ಹರಿದಿರಲಿಲ್ಲ. ಪಂಪಿನ ಮನೆಯ ಗೋಡೆಗೆ ಒರಗಿ ಕುಳಿತಳು. ಎದೆ ಹೊಡೆದುಕೊಳ್ಳುತ್ತಿತ್ತು, ಕಣ್ಣಿಗೆ ಕತ್ತಲೆ ಬಂದಂತಾಗಿತ್ತು, ಆದರೂ ಅವಳಿಗೆ ಸುಖವೆನಿಸಿತು. ಅಲ್ಲಿ ಅವಳನ್ನು ಕರೆಯುವವರು ಒಬ್ಬರೂ ಇರಲಿಲ್ಲ.

ಅಂದಿನಿಂದ ದಿನವೂ ಓಡಿದಳು. ಚಪ್ಪಲಿ ಕಳಚಿ ಬೀಳುತ್ತಿತ್ತೆಂದು ಮಗ ಬಿಟ್ಟುಹೋದ ಹಳೆಯ ಬೂಟು ಹುಡುಕಿ, ತುದಿಗೆ ಅರಿವೆ ತುರುಕಿ ಹಾಕಿಕೊಂಡಳು. ಸೀರೆಯನ್ನು ಎತ್ತಿ ಕಟ್ಟಿದಳು. ಓಟವೆಂದರೆ ಅಂಥ ಓಟವೇನಲ್ಲ, ದಾರಿಯ ಎಮ್ಮೆಗಳೂ ಅವಳನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಓಡುವವರನ್ನು ನಿಲ್ಲಿಸಿ ಕೂಸು ಕೊಡುವುದು ಯಾರಿಗೂ ಆಗುವುದಿಲ್ಲವಲ್ಲ. ದಿನದಲ್ಲಿ ಆ ಅರ್ಧ ತಾಸು ಅವಳದಾಯಿತು. ನಲವತ್ತು ದಾಟಿದ ಮೇಲೆ, ತನ್ನದು ಎಂದು ಹೇಳಿಕೊಳ್ಳುವಂಥದು ಅದೊಂದೇ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಬೀರವ್ವನಿಗೆ ತಲೆ ಕೆಟ್ಟಿದೆ ಎಂದರು, ಮೈಮೇಲೆ ಏನೋ ಬಂದಿದೆ ಎಂದರು, ಗಂಡನ ಮೇಲೆ ಸಿಟ್ಟಾಗಿ ಹೊಳೆಗೆ ಹಾರಲು ಹೋಗಿ ದಿನಾ ಮನಸ್ಸು ಬದಲಿಸಿ ಬರುತ್ತಾಳೆ ಎಂದೂ ಅಂದರು. ಪ್ರೇಮವ್ವನ ಕಿವಿಗೆ ಇದೆಲ್ಲ ಬಿದ್ದದ್ದು ಹಿಟ್ಟಿನ ಗಿರಣಿಯಲ್ಲಿ.

"ನಿಮ್ಮ ಸೊಸಿಗೇನಾಗೇತಿ ಪ್ರೇಮವ್ವಾ? ಹರೇದ ಹುಡುಗೂರಗತೆ ಓಡಾಕತ್ತಾಳಲ್ಲ?" ಎಂದು ಒಬ್ಬಳು ಎಲ್ಲರಿಗೂ ಕೇಳುವಂತೆ ಕೇಳಿದಳು.

ಪ್ರೇಮವ್ವ ಸೊಸೆಯನ್ನು ಮನೆಯೊಳಗೆ ಏನು ಬೇಕಾದರೂ ಅಂದಾಳು, ಮಂದಿ ಅಂದರೆ ತಡೆಯುವವಳಲ್ಲ. "ಏನೂ ಆಗಿಲ್ಲ. ಮೈಲಾರಲಿಂಗಗ ಕುದುರಿ ಹರಕಿ ಹೊತ್ತಾಳ. ಸುಮ್ನ ಹಿಟ್ಟು ಬೀಸಿಸ್ಕೊಂಡ ಹೋಗು," ಎಂದುಬಿಟ್ಟಳು.

ಕೇಳಿದವಳು ಅಲ್ಲೇ ಕೈಮುಗಿದಳು. ದೇವರಗುಡ್ಡದ ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಇಂಥ ಹರಕೆ ಹೊಸದಲ್ಲ. ದೇವರ ಸವಾರಿಗೆ ತಾವೇ ಕುದುರೆಯಾಗಿ ಓಡುತ್ತೇವೆಂದು ಬೇಡಿಕೊಂಡವರು ಇದ್ದಾರೆ. ಗಂಡಸರೇ ಹೆಚ್ಚು, ಆದರೆ ಹೆಂಗಸು ಹೊರಬಾರದು ಎಂದೇನೂ ಇಲ್ಲ. ಹೊತ್ತು ಮುಳುಗುವುದರೊಳಗೆ ಬೀರವ್ವ ಹುಚ್ಚಿ ಹೋಗಿ ದೇವರ ಕುದುರೆ ಆಗಿದ್ದಳು.

ಸುದ್ದಿ ಕೇಳಿ ಬೀರವ್ವ ಗಾಬರಿಯಾದಳು. "ಅತ್ತಿ, ನಾ ಹರಕಿ ಎಲ್ಲಿ ಹೊತ್ತೇನ್ರಿ?"

"ಹೊತ್ತಿಲ್ಲ ಅನ್ನೂದು ನಿನಗ ಗೊತ್ತು, ನನಗ ಗೊತ್ತು. ಊರಿಗ್ಯಾಕ ಗೊತ್ತಾಗಬೇಕು?" ಎಂದಳು ಪ್ರೇಮವ್ವ. "ಓಡೂದಾದ್ರ ದೇವರ ಹೆಸರಿನ್ಯಾಗ ಓಡು. ಮುಂಜಾನಿ ರೊಟ್ಟಿ ನಾ ಬಡೀತೇನಿ. ಆದ್ರ ಆ ಬೂಟ್ ಬಿಡು. ದೇವರ ಕುದುರಿ ಬೂಟ್ ಹಾಕ್ಕೊಂತೈತೇನು?"

ರೊಟ್ಟಿ ಬಡಿಯುತ್ತೇನೆ ಎಂಬ ಮಾತು ಅತ್ತೆಯ ಬಾಯಿಂದ ಬಂದದ್ದು ಇದೇ ಮೊದಲು. ಬೀರವ್ವ ಎಂದಿನಂತೆ ಹೂಂ ಅಂದಳು.

ಸಂಕ್ರಾಂತಿಯ ಹೊತ್ತಿಗೆ ಎಲ್ಲ ಚೆನ್ನಾಗಿಯೇ ಇತ್ತು. ದಾರಿಯಲ್ಲಿ ಜನ ಪಕ್ಕಕ್ಕೆ ಸರಿದು ಕೈಮುಗಿಯುತ್ತಿದ್ದರು. ಹಾಲು ಹಾಕುವವನು ಬೈಕು ನಿಲ್ಲಿಸಿ ದಾರಿ ಬಿಡುತ್ತಿದ್ದ. ತನ್ನ ಕೈಯಿಂದ ಬಡಿಯದ ರೊಟ್ಟಿಯನ್ನು ತಿನ್ನುವುದರಲ್ಲಿ ಎಂಥ ರುಚಿ ಇರುತ್ತದೆ ಎಂದು ಬೀರವ್ವ ಖತೀಜಾಬಿಯ ಮುಂದೆ ಹೇಳಿಕೊಂಡು ನಕ್ಕಳು. ಖತೀಜಾಬಿಗೆ ಮಾತ್ರ ನಗು ಬರಲಿಲ್ಲ.

"ನಗಬ್ಯಾಡ ಬೀರವ್ವ. ದೇವರ ಹೆಸರಿನ್ಯಾಗ ಒಂದ್ ಸಲ ಬಿಟ್ಟಿ ಉಂಡ್ರ, ಆಮ್ಯಾಲೆ ಮಂದಿ ಬಂದು ಲೆಕ್ಕ ಕೇಳ್ತಾರ," ಎಂದಳು.

ಲೆಕ್ಕ ಕೇಳಲು ಜನ ಬಹಳ ದಿನ ಕಾಯಲಿಲ್ಲ. ಮೊದಲು ಒಬ್ಬಳು ದಾರಿಯಲ್ಲಿ ಅಡ್ಡ ನಿಂತು ಹಣೆಗೆ ಭಂಡಾರದ ಅರಿಷಿಣ ಹಚ್ಚಿ, "ನನ್ನ ಸೊಸಿಗೆ ಗಂಡು ಆಗ್ಲಿ ಅಂತ ನಾಕ್ ಹೆಜ್ಜಿ ಓಡವ್ವ," ಎಂದಳು. ಬೀರವ್ವ ಹೂಂ ಅಂದಳು. ಮತ್ತೊಬ್ಬರ ಬೋರ್‌ವೆಲ್ಲಿಗೆ ನೀರು ಬೀಳಬೇಕಾಗಿತ್ತು. ಇನ್ನೊಬ್ಬರ ಎಮ್ಮೆ ಗಬ್ಬ ನಿಲ್ಲಬೇಕಾಗಿತ್ತು. ಮೀನಾಕ್ಷಿಯಂತೂ ದಿನವೂ ಬಾಗಿಲಲ್ಲಿ ಭಂಡಾರದ ಬಟ್ಟಲು ಹಿಡಿದು ನಿಲ್ಲತೊಡಗಿದಳು. ಅವಳ ಮಗಳು ಶ್ರೀದೇವಿ ಎರಡನೇ ಪಿಯುಸಿ. ಹುಡುಗಿ ಪಾಸಾದರೆ ಹಾವೇರಿಯಲ್ಲಿ ಡಿಗ್ರಿಗೆ ಹಚ್ಚಬೇಕು, ಫೇಲಾದರೆ ಅವಳ ದೊಡ್ಡಪ್ಪಂದಿರು ಮದುವೆ ಮಾಡಿಬಿಡುತ್ತಾರೆ ಎಂಬ ಅಂಜಿಕೆ ಮೀನಾಕ್ಷಿಗೆ. ಅಂಜಿಕೆ ಖರೇನೇ ಇತ್ತು. ಅದಕ್ಕೇ ಬೀರವ್ವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಹೊಳೆಯ ದಂಡೆಗೆ ಬಂದು ಕುಳಿತರೆ ಮೊದಲಿನ ಸುಖವಿಲ್ಲ. ಯಾರ ಎಮ್ಮೆ, ಯಾರ ಸೊಸೆ, ಯಾರ ಬೋರು ಎಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸವಾಯಿತು. ಶಾಲೆಯಲ್ಲಿ ಒಂದು ಅಡಿಗೆ, ಮನೆಯಲ್ಲಿ ಒಂದು ಅಡಿಗೆ, ಈಗ ಹೊಳೆಯ ದಾರಿಯಲ್ಲಿ ಇನ್ನೊಂದು. ಒಂದು ದಿನ ಮೈ ಭಾರವಾಗಿ ಮಲಗೋಣವೆಂದರೆ ಪ್ರೇಮವ್ವ ಚಾದರ ಎಳೆದು ಎಬ್ಬಿಸಿದಳು. ಹರಕೆ ತಪ್ಪಿಸಬಾರದಂತೆ. ಕುದುರೆಗಾದರೂ ಮಾಲೀಕ ಒಬ್ಬನೇ ಇರುತ್ತಾನೆ. ಬೀರವ್ವನ ಮೇಲೆ ಇಡೀ ಊರೇ ಏರಿ ಕುಳಿತಿತ್ತು.

ಶಿವರಾತ್ರಿ ಮುಗಿದ ವಾರ ಬಲಗಾಲಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳು ತೆಗೆದು, ಅರಿಷಿಣ ಮೆತ್ತಿ, ಮರುದಿನ ಮತ್ತೆ ಓಡಿದಳು. ಗಾಯ ಆರಲಿಲ್ಲ. ನೋವೂ ಅಷ್ಟಾಗಿ ಇರಲಿಲ್ಲ, ಅದನ್ನೇ ಒಳ್ಳೆಯ ಲಕ್ಷಣ ಅಂದುಕೊಂಡಳು. ಪಾಪ, ಯಾರು ಹೇಳಬೇಕು ಅವಳಿಗೆ?

ಮಾರ್ಚಿನಲ್ಲಿ ರಕ್ತ ಪರೀಕ್ಷೆಗೆ ಹಾವೇರಿಗೆ ಹೋಗಬೇಕಾಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಹಿಂದಿನ ದಿನವೇ ಹೋಗಿ ತಂಗಿ ರೋಹಿಣಿಯ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಎಂದಿನಂತೆ ಎಚ್ಚರವಾಯಿತು. ಎದ್ದು ಕುಳಿತರೆ, ಎಬ್ಬಿಸುವವರೂ ಇಲ್ಲ, ಬೇಡುವವರೂ ಇಲ್ಲ. ಬಾಗಿಲಲ್ಲಿ ರೋಹಿಣಿ ವಾಕಿಂಗಿಗೆಂದು ತಂದು ಒಮ್ಮೆಯೂ ಹಾಕದ ಮೆತ್ತನೆಯ ಬೂಟು ಇತ್ತು. ಗಾಯಕ್ಕೆ ಅರಿವೆ ಸುತ್ತಿ, ಅದನ್ನು ಹಾಕಿಕೊಂಡು ಬೀದಿಗೆ ಇಳಿದಳು.

ಹಾವೇರಿ ಆಗತಾನೆ ಏಳುತ್ತಿತ್ತು. ಚಹಾದಂಗಡಿಯವನು ಸ್ಟೋ ಹೊತ್ತಿಸುತ್ತಿದ್ದ. ಬಸ್‌ಸ್ಟ್ಯಾಂಡಿನ ಮುಂದೆ ಪೌರಕಾರ್ಮಿಕರು ಕಸ ಗುಡ್ಡೆ ಹಾಕುತ್ತಿದ್ದರು. ಬೀರವ್ವ ಮೆಲ್ಲಗೆ ಓಡಿದಳು, ಕುಂಟುತ್ತ, ಡಾಂಬರಿನ ಮೇಲೆ, ಮುಚ್ಚಿದ ಅಂಗಡಿಗಳ ಸಾಲಿನ ಉದ್ದಕ್ಕೂ. ಎದುರಿಗೆ ಟೀಶರ್ಟು ಹಾಕಿಕೊಂಡ ಗಂಡಸೊಬ್ಬ ಓಡುತ್ತ ಬಂದ. ಇವಳ ಎತ್ತಿ ಕಟ್ಟಿದ ಸೀರೆ ನೋಡಿದ, ಬೂಟು ನೋಡಿದ, ತಲೆಯಾಡಿಸಿ ತನ್ನ ಪಾಡಿಗೆ ತಾನು ಹೋದ. ಯಾವ ದೇವರು ಎಂದು ಕೇಳಲಿಲ್ಲ. ಬೀರವ್ವನಿಗೆ ಅಳು ಬಂತು. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಯಾಕೆ ಅಳುತ್ತಿದ್ದೇನೆಂದು ತಿಳಿಯದೆ ಸಾಕಾಗುವಷ್ಟು ಅತ್ತು, ಮೂಗು ಒರೆಸಿಕೊಂಡು ಆಸ್ಪತ್ರೆಗೆ ಹೋದಳು.

ಡಾಕ್ಟರು ರಕ್ತಕ್ಕಿಂತ ಮೊದಲು ಕಾಲು ನೋಡಿದರು, ನೋಡಿ ಸಿಟ್ಟಾದರು. "ನೋವು ಗೊತ್ತಾಗವಲ್ದು ಅಂದ್ರ ಅದು ಚಲೋದಲ್ರಿ, ಅಮ್ಮಾ. ಈ ಬ್ಯಾನಿ ಇದ್ದವರು ಬರಿಗಾಲಾಗ ಅಂಗಳಾನೂ ದಾಟಬಾರ್ದು. ಇನ್ನೊಂದ್ ಸಲ ಹಿಂಗಾದ್ರ ಕಾಲ ಕಳ್ಕೋತೀರಿ." ಗಾಯ ತೊಳೆದು ಪಟ್ಟಿ ಕಟ್ಟಿಸಿ, ಗಾಯ ಆರುವವರೆಗೂ ಓಟ ಬಂದ್ ಎಂದರು.

ಪಟ್ಟಿ ಕಟ್ಟಿದ ಕಾಲನ್ನು ನೋಡಿ ಊರವರು ಕುದುರೆಗೆ ಏಟಾಗಿದೆ ಎಂದು ಸುಮ್ಮನಾದರು. ಏಪ್ರಿಲಿನಲ್ಲಿ ಪಿಯುಸಿ ಫಲಿತಾಂಶ ಬಂತು. ಶ್ರೀದೇವಿ ಉಳಿದೆಲ್ಲದರಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಇಂಗ್ಲಿಷಿನದು ಕೊನೆಯ ಪರೀಕ್ಷೆ, ಅದು ನಡೆದದ್ದು ಬೀರವ್ವ ಹಾವೇರಿಯಲ್ಲಿ ಎದ್ದ ದಿನವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅದೇ ಸಂಜೆ ಮೀನಾಕ್ಷಿ ಮಗಳನ್ನೂ ಗೊರವಯ್ಯ ಮೈಲಾರಪ್ಪನನ್ನೂ ಕರೆದುಕೊಂಡು ಬೀರವ್ವನ ಮನೆಯ ಕಟ್ಟೆಗೆ ಬಂದಳು. ಮೈಲಾರಪ್ಪ ಊರಿನಲ್ಲಿ ಮೈಲಾರಲಿಂಗನ ಹರಕೆಗಳನ್ನು ಬಿಡಿಸಿಕೊಡುವ ಹಿರಿಯ. ಕರಿಕಂಬಳಿ ಸರಿಪಡಿಸಿಕೊಂಡು ಕುಳಿತ. ಅಕ್ಕಪಕ್ಕದವರೂ ಬಂದು ನಿಂತರು.

"ಅವತ್ತ ಭಂಡಾರ ಹಿಡ್ಕೊಂಡು ಬಾಗಲಾಗ ನಿಂತಿದ್ದೆ, ಯಕ್ಕಾ. ನೀ ಬರ್ಲಿಲ್ಲ," ಎಂದಳು ಮೀನಾಕ್ಷಿ. ಬೈಯಲು ಬಂದವಳ ದನಿ ನಡುವೆಯೇ ಒಡೆಯಿತು. "ಅದೊಂದ ದಿನ ತಪ್ಪಿಸಿದಿ, ಅದೊಂದರಾಗ ಹೋತು."

"ಅವ್ವಾ, ನಾನ ಓದಿರ್ಲಿಲ್ಲ," ಎಂದಳು ಶ್ರೀದೇವಿ.

"ನೀ ಸುಮ್ನಿರು."

ಮೈಲಾರಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಹರಕಿ ತಪ್ಪಿದ್ರ ತಪ್ಪು ಕಾಣಿಕಿ ಕೊಡಬೇಕು, ಯವ್ವಾ. ದೊಡ್ಡದೇನಲ್ಲ. ದೇವರಗುಡ್ಡಕ್ಕ ಹೋಗಿ, ಗುಡ್ಡದ ಬುಡದಿಂದ ಗುಡಿತನಕ ಬರಿಗಾಲಾಗ ಓಡಿ ಕಾಯಿ ಒಡಿಸಿದ್ರ ಆತು. ಹುಡುಗಿ ಮತ್ತೊಮ್ಮೆ ಪರೀಕ್ಷಿ ಬರೀತೈತಿ, ದೇವರು ಕೈ ಹಿಡೀತಾನ. ಅಲ್ಲಿಗೆ ನಿನ್ನ ಹರಕೀನೂ ಮುಗೀತೈತಿ. ಇನ್ನ ಓಡೂ ಗೋಜಿಲ್ಲ."

ಎಲ್ಲರಿಗೂ ಒಪ್ಪಿಗೆಯಾಯಿತು. ಪ್ರೇಮವ್ವನೂ ತಲೆಯಾಡಿಸಿದಳು. ಏಪ್ರಿಲ್ ಬಿಸಿಲಿನಲ್ಲಿ ಗುಡ್ಡದ ಕಲ್ಲು ಹೇಗೆ ಕಾದಿರುತ್ತದೆ ಎಂದು ಬೀರವ್ವ ಯೋಚಿಸಿದಳು. ಕಾಲಿನ ಪಟ್ಟಿ ನೋಡಿಕೊಂಡಳು. ಓಡಿದರೆ ಕಾಲು ಹೋಗಬಹುದು. ಓಡಿ ಮುಗಿಸಿದರೆ ಹೊಳೆಯ ದಾರಿಯೂ ಹೋಗುತ್ತದೆ, ಹರಕೆ ಮುಗಿದವಳಿಗೆ ಅಲ್ಲೇನು ಕೆಲಸ? ಅವಳ ತುಟಿಗಳು ಆಗಲೇ ಹೂಂ ಅನ್ನಲು ಸಜ್ಜಾಗಿದ್ದವು. ಅದೇ ರೂಢಿಯಲ್ಲವೇ.

"ನಾ ಹರಕಿನ ಹೊತ್ತಿಲ್ಲ, ಅಜ್ಜಾರ," ಎಂದಳು.

ಮೈಲಾರಪ್ಪನಿಗೆ ಅರ್ಥವಾಗಲಿಲ್ಲ. "ಅಂದ್ರ?"

"ಅಂದ್ರ ಹೊತ್ತಿಲ್ರಿ. ಯಾವತ್ತೂ ಹೊತ್ತಿಲ್ಲ. ಮಂದಿ ಅಂದ್ರು, ನಾ ಸುಮ್ನಾದೆ."

ಪ್ರೇಮವ್ವ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಗಿರಣಿಯ ಮಾತು ಯಾರದೆಂದು ಬೀರವ್ವ ಹೇಳಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ.

ಮೀನಾಕ್ಷಿ ಹತ್ತಿರ ಬಂದಳು. "ಹಂಗಾರ ನನ್ನ ಮಗಳ ಸಲುವಾಗಿ ಒಂದ ದಿನಾನೂ ಓಡ್ಲಿಲ್ಲೇನು ನೀ?"

ಸುಳ್ಳು ಹೇಳಿದ್ದರೆ ಆಗುತ್ತಿತ್ತು, ಆ ಮುಖ ನೋಡಿದ ಯಾರಾದರೂ ಹೇಳುತ್ತಿದ್ದರು. "ಇಲ್ಲವ್ವ," ಎಂದಳು ಬೀರವ್ವ. "ನೆನಪು ಮಾಡ್ಕೊಂತಿದ್ದೆ. ಓಡಿದ್ದು ಮಾತ್ರ ಆಕಿ ಸಲುವಾಗಿ ಅಲ್ಲ."

"ಮತ್ತ ಯಾಕ ಓಡಿದಿ?"

"ದಣಿವಾಗಿತ್ತು."

ಯಾರೋ ನಕ್ಕರು. ಮೀನಾಕ್ಷಿ ನಗಲಿಲ್ಲ. "ದಣಿವಾದ್ರ ಮಕ್ಕೋತಾರ, ಓಡ್ತಾರೇನ?"

"ಮಕ್ಕೊಂಡ್ರ ಎಬ್ಬಸ್ತೀರಲ್ಲ," ಎಂದಳು ಬೀರವ್ವ.

ಅಷ್ಟು ಜನರ ನಡುವೆ ಅವಳು ಇಂಥ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಚಂದ್ರಪ್ಪ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ, ಈ ಸಲ ಏನನ್ನೂ ಬೇಡುತ್ತಿರಲಿಲ್ಲ. ಹೊರದ ಹರಕೆಗೆ ತಪ್ಪು ಹಾಕುವುದು ಹೇಗೆಂದು ಮೈಲಾರಪ್ಪನಿಗೂ ತಿಳಿಯಲಿಲ್ಲ. ಗೊಣಗುತ್ತ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಮೀನಾಕ್ಷಿ ಮಗಳ ಕೈ ಹಿಡಿದುಕೊಂಡು ಹೊರಟಳು. ಆಮೇಲೆ ಅವಳು ಬೀರವ್ವನೊಡನೆ ಬಹಳ ದಿನ ಮಾತು ಬಿಟ್ಟಳು. ಅದು ಬೀರವ್ವನಿಗೆ ಕಾಲಿಗಿಂತ ಹೆಚ್ಚು ನೋಯಿತು, ಏಕೆಂದರೆ ಮೀನಾಕ್ಷಿಯ ಸಿಟ್ಟಿನಲ್ಲಿ ಅನ್ಯಾಯ ಅರ್ಧ ಮಾತ್ರ ಇತ್ತು.

ಮನೆಯಲ್ಲಿ ಪ್ರೇಮವ್ವ ರೊಟ್ಟಿಯ ಹಂಚನ್ನು ಸೊಸೆಯ ಕಡೆಗೆ ಸರಿಸಿದಳು. ದೇವರ ಕೆಲಸವಿಲ್ಲವೆಂದ ಮೇಲೆ ತನಗೇನು ಬಿದ್ದಿದೆ? ಹರಕೆಯ ಸುದ್ದಿಯೂ ಇಲ್ಲ, ಬೈಗುಳವೂ ಇಲ್ಲ, ಬರೀ ಬಿಗಿದ ಬಾಯಿ. ಮೇ ತಿಂಗಳು ಹಾಗೇ ಕಳೆಯಿತು. ಗಾಯ ನಿಧಾನವಾಗಿ ಒಣಗಿತು. ಡಾಕ್ಟರು ನೋಡಿ, ಬೂಟು ಹಾಕಿಕೊಂಡರೆ ಓಡಬಹುದು ಎಂದರು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಬೀರವ್ವ ಕತ್ತಲಿರುವಾಗಲೇ ಎದ್ದಳು. ಹಿಟ್ಟು ನಾದಿ, ಸದ್ದಾಗದಂತೆ ರೊಟ್ಟಿ ಬಡಿಯಲು ನೋಡಿದಳು. ರೊಟ್ಟಿ ಸದ್ದಿಲ್ಲದೆ ಆಗುತ್ತದೆಯೇ? ಕೋಣೆಯಲ್ಲಿ ಪ್ರೇಮವ್ವ ಮಗ್ಗಲು ಬದಲಿಸಿದ್ದು ಕೇಳಿಸಿತು. ಪಲ್ಯ ಕುದಿಸಿಟ್ಟು, ಅಂಗಳ ಗುಡಿಸಿ, ನೀರು ತುಂಬಿಸಿದಳು. ಅಷ್ಟರಲ್ಲೇ ಒಂದು ದಿನದ ಕಸುವು ಮುಗಿದಂತಾಗಿತ್ತು. ಬಾಗಿಲಲ್ಲಿ ಕುಳಿತು ಬೂಟು ಹಾಕಿಕೊಳ್ಳುವಾಗ ಹಿಂದೆ ಅತ್ತೆ ಬಂದು ನಿಂತಳು.

"ಎಲ್ಲಿಗೆ?"

"ಹೊಳಿ ಕಡೆ. ಓಡಾಕ."

"ಯಾರ ಸಲುವಾಗಿ?"

ಬೀರವ್ವನಿಗೆ ಉತ್ತರ ಗೊತ್ತಿತ್ತು, ಆದರೆ ಅವಳ ನಾಲಿಗೆಗೆ ಆ ಮಾತು ಹೊಸದು. "ನನ್ನ ಸಲುವಾಗಿ, ಅತ್ತಿ."

ಪ್ರೇಮವ್ವ ಅಡಿಗೆಮನೆಗೆ ಹೋದಳು. ಬುಟ್ಟಿಯ ಮೇಲಿನ ಅರಿವೆ ಎತ್ತಿ ರೊಟ್ಟಿ ನೋಡಿದಳು, ಪಲ್ಯದ ಮುಚ್ಚಳ ತೆಗೆದು ನೋಡಿದಳು, ತುಂಬಿದ ಕೊಡ ನೋಡಿದಳು. ಹಿಡಿಯಲು ಒಂದು ತಪ್ಪೂ ಸಿಗಲಿಲ್ಲ. ಮತ್ತೆ ಬಾಗಿಲಿಗೆ ಬಂದು, ಸೊಸೆಯ ಕಣ್ಣಿನ ಕೆಳಗಿನ ಕಪ್ಪನ್ನು ಈಗಷ್ಟೇ ಕಂಡವಳಂತೆ ಬಹಳ ಹೊತ್ತು ನೋಡಿದಳು.

"ಮತ್ತ ನೀ ನಿದ್ದಿ ಯಾವಾಗ ಮಾಡ್ತಿ?" ಎಂದು ಕೇಳಿದಳು.

ಈ ಮನೆಗೆ ಬಂದಂದಿನಿಂದ ಅವಳನ್ನು ಎಲ್ಲರೂ ಎಲ್ಲವನ್ನೂ ಕೇಳಿದ್ದರು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೀರವ್ವ ಅತ್ತೆಯ ಮುಖ ನೋಡಿದಳು.

"ಗೊತ್ತಿಲ್ರಿ, ಅತ್ತಿ," ಎಂದು ಹೇಳಿ ಅಂಗಳ ದಾಟಿ ಓಡಿದಳು.